ಬಾಯ್ಕಳಕನ ಕೊಕ್ಕಿನಲ್ಲಿ ಸಂದು ಬಿದ್ದದ್ದು

ನದಿಗಳು ಇನ್ನೂ ತಮ್ಮ ದಾರಿ ಹುಡುಕುತ್ತಿದ್ದ ಕಾಲ. ಪ್ರಪಂಚ ಹೊಸದಾಗಿತ್ತು. ಹೊಸದಾದ ಮಾತ್ರಕ್ಕೆ ಚೆನ್ನಾಗಿತ್ತು ಎಂದೇನೂ ಅಲ್ಲ.

ಒಂದು ನದಿಯ ಪಕ್ಕ ಜೌಗು, ಜೌಗಿನ ನಡುವೆ ನಡುಗಡ್ಡೆ. ಅಲ್ಲಿನ ಹೊಂಗೆ ಮರದಲ್ಲಿ ಚೌಡಕ್ಕ ಎಂಬ ಕೊಕ್ಕರೆ ಗೂಡು ಕಟ್ಟಿ ಎರಡು ಮರಿ ಮಾಡಿದ್ದಳು. ಆಗ ಅವಳ ಕೊಕ್ಕು ಇಕ್ಕಳದ ಹಾಗೆ ಬಿಗಿಯಾಗಿ ಮುಚ್ಚುತ್ತಿತ್ತು.

ಆ ವರ್ಷ ಮೊದಲ ಪ್ರವಾಹ ಬಂತು. ಇಳಿದ ಮೇಲೆ ನೋಡಿದರೆ ಜೌಗಿನ ನೀರು ಕೆಸರಿನ ಗಂಜಿಯಾಗಿತ್ತು. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಹಕ್ಕಿಗಳು ಸಭೆ ಸೇರಿದವು. "ಎಲ್ಲ ತಾನಾಗಿಯೇ ಸರಿಹೋಗುತ್ತದೆ," ಎಂದು ಬೆಳ್ಳಕ್ಕಿ ಭಾಷಣ ಮಾಡಿತು; ಮಾಡಿ ಮುಗಿಸಿ ಪಕ್ಕದ ಕೆರೆಗೆ ಹಾರಿಹೋಯಿತು. ಉಳಿದವೂ ಹೋದವು. ಚೌಡಕ್ಕ ಹೋಗುವಂತಿರಲಿಲ್ಲ. ಮರಿಗಳ ರೆಕ್ಕೆ ಬಲಿತಿರಲಿಲ್ಲ.

ಕೆಸರಿನಲ್ಲಿ ಕಪ್ಪೆಚಿಪ್ಪುಗಳು ಬಾಯಿ ತೆರೆದು ಕೂತಿದ್ದವು. ಪುಕ್ಕಟೆ ಊಟ. ಕಣ್ಣಿಗೆ ಏನೂ ಕಾಣದು. ಕೊಕ್ಕಿಗೆ ತಾಗಿದ್ದನ್ನೆಲ್ಲ ತಂದಳು, ದೊಡ್ಡದು ಚಿಕ್ಕದು ನೋಡದೆ. ಆ ನೀರನ್ನೇ ಕೊಕ್ಕಿನಲ್ಲಿ ತಂದು ಮರಿಗಳಿಗೆ ಕುಡಿಸಿದಳು. ನೀರು ಇನ್ನೂ ಮಂದವಾಯಿತು. ನಾಲ್ಕನೆಯ ದಿನ ನಾರತೊಡಗಿತು. ಐದನೆಯ ದಿನ ಚಿಕ್ಕ ಮರಿ ತಲೆ ಎತ್ತಲಿಲ್ಲ.

ಚೌಡಕ್ಕ ನದಿಯ ಹತ್ತಿರ ಹೋದಳು.

"ಏನೇ ಮಾರಾಯ್ತಿ, ಕೊಳೆ ತಂದು ಸುರಿದವಳು ನೀನು. ತೊಳೆದುಕೊಟ್ಟು ಹೋಗು."

"ತರೋದು ನನ್ನ ಕೆಲಸ," ಎಂದಿತು ನದಿ. "ತೊಳೆಯೋರು ಬೇರೆ ಇದ್ದರು."

"ಎಲ್ಲಿದ್ದಾರೆ ಅವರು?"

"ನೀನು ತಿಂದೆಯಲ್ಲ."

ಚೌಡಕ್ಕ ಜೌಗಿಗೆ ಹಿಂದಿರುಗಿದಳು. ಕೆಸರಿಗೆ ಇಳಿದಳು. ತಳದಲ್ಲಿ ಮುದಿ ಚಿಪ್ಪಜ್ಜಿ ಒಬ್ಬಳು ಬಾಗಿಲು ಹಾಕಿಕೊಂಡು ಕೂತಿದ್ದಳು.

"ಅಜ್ಜಿ, ಬಾಗಿಲು ತೆಗಿ. ನಿನ್ನ ಜನ ನೀರು ಸೋಸಲಿ. ಇರೋದು ಒಂದೇ ಮರಿ ಈಗ."

"ನಮ್ಮ ಮರಿಗಳು ದೊಡ್ಡವಾದರೆ ತಾನೆ ಸೋಸೋದು? ನೀನು ಬಿಡ್ತೀಯಾ?"

"ಬಿಡ್ತೀನಿ. ಆಣೆ."

"ಮಾತು ಬೆಳ್ಳಕ್ಕಿಯೂ ಚೆನ್ನಾಗೇ ಆಡ್ತು. ಈ ರಾಡಿಯಲ್ಲಿ ಸಣ್ಣದು ಯಾವುದು, ದೊಡ್ಡದು ಯಾವುದು ಅಂತ ನಿನಗೆ ಕಾಣುತ್ತಾ?"

ಕಾಣುತ್ತಿರಲಿಲ್ಲ. ಹಾಗಂತ ಒಪ್ಪಿಕೊಂಡಳು. ಸಭೆಯಲ್ಲಿ ಯಾರೂ ಅಷ್ಟು ಮಾಡಿರಲಿಲ್ಲ.

ಚಿಪ್ಪಜ್ಜಿ ಒಂದು ದುಂಡು ಕಲ್ಲು ತಳ್ಳಿದಳು. "ಇದನ್ನು ಕೊಕ್ಕಿನ ನಡುವೆ ಕಚ್ಚಿಕೋ. ತುದಿಯಿಂದ ಹುಡುಕು. ಸಂದಿನಲ್ಲಿ ಜಾರಿದ್ದು ನಮ್ಮದು, ಸಿಕ್ಕಿಕೊಂಡದ್ದು ನಿನ್ನದು."

"ಹೊಟ್ಟೆ ತುಂಬದಿದ್ದರೆ?"

"ತುಂಬಲ್ಲ."

ತುಂಬಲೂ ಇಲ್ಲ. ಸಣ್ಣ ಚಿಪ್ಪುಗಳು ಸಂದಿನಿಂದ ಜಾರಿ ಜಾರಿ ಹೋದವು. ಗೂಡಿನಲ್ಲಿ ಮರಿ ಕಿರುಚಿತು. ಚೌಡಕ್ಕನ ದವಡೆ ನೊಂದಿತು. ಕಲ್ಲು ಉಗುಳಿಬಿಡೋಣ ಎನ್ನಿಸಿದ್ದು ಒಂದೆರಡು ಸಲವಲ್ಲ. ಉಗುಳಲಿಲ್ಲ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೀರಿನೊಳಗೆ ಅವಳ ಕಾಲು ಅವಳಿಗೇ ಕಂಡಿತು. ಮರಿ ಆ ನೀರು ಕುಡಿದು ಇನ್ನಷ್ಟು ಬೇಕೆಂದು ಕೂಗಿತು. ಬೆಳ್ಳಕ್ಕಿ ವಾಪಸು ಬಂದು, "ನಾನು ಹೇಳಿರಲಿಲ್ಲವೇ?" ಎಂದಿತು.

ಬೈಯಲೆಂದು ಚೌಡಕ್ಕ ಕಲ್ಲು ಉಗುಳಿದಳು. ಬೈದು ಮುಗಿಸಿದ ಮೇಲೂ ಕೊಕ್ಕು ಪೂರ್ತಿ ಮುಚ್ಚಲಿಲ್ಲ.

ಬಾಯಿ ಮುಚ್ಚದ ಅವಳ ಕುಲಕ್ಕೆ ಬಾಯ್ಕಳಕ ಎಂದೇ ಹೆಸರಾಯಿತು. ಇವತ್ತಿಗೂ ಬಾಯ್ಕಳಕ ಕೊಕ್ಕರೆಯ ಮರಿಗೆ ಕೊಕ್ಕು ನೆಟ್ಟಗೇ ಇರುತ್ತದೆ. ತಾನೇ ನೀರಿಗಿಳಿದು ಬದುಕುವ ವಯಸ್ಸು ಬಂದ ಮೇಲೆ ನೋಡಿ, ನಡುವೆ ಒಂದು ಕಲ್ಲು ಹಿಡಿಸುವಷ್ಟು ಸಂದು ಬಿಟ್ಟುಕೊಂಡಿರುತ್ತದೆ.