ರಕ್ಕಸಿಹೊಂಡದ ಹೆಸರು

ಕರಿಗುಡ್ಡದ ಬುಡದಲ್ಲಿ, ಬಂಡೆಗಳ ನಡುವೆ ಇಂದಿಗೂ ಒಂದು ಹೊಂಡವಿದೆ. ಅದರ ಹೆಸರು ರಕ್ಕಸಿಹೊಂಡ. ನೆತ್ತರು ಕುಡಿಯುವ ಹೆಣ್ಣೊಬ್ಬಳು ಇಲ್ಲಿದ್ದಳೆಂದು ಹೇಳಿ, ನೋಡಲು ಬಂದವರನ್ನು ಹೆದರಿಸುವವರಿದ್ದಾರೆ. ಆ ಮಾತು ಕಿವಿಗೆ ಬಿದ್ದರೆ ಊರಿನ ಹಿರಿಯರಿಗೆ ಮೈಯೆಲ್ಲ ಉರಿಯುತ್ತದೆ.

ಹಿಂದೆ, ಪಾಳೆಯಗಾರರ ಕಾಲದಲ್ಲಿ, ಹೊಂಡದ ದಂಡೆಯ ಮೇಲೆ ಸಣ್ಣೀರವ್ವ ಎಂಬ ವಿಧವೆ ಇದ್ದಳು ಎನ್ನುತ್ತಾರೆ. ವಾಸಿಯಾಗದ ಹುಣ್ಣಿಗೆ ಹೊಂಡದ ಜಿಗಣೆ ಹಚ್ಚಿ ಕೆಟ್ಟ ರಕ್ತ ತೆಗೆಯುತ್ತಿದ್ದಳು. ಒಮ್ಮೆ ಪಾಳೆಯಗಾರ ಗೂಳ್ಯಪ್ಪ ನಾಯಕನ ಪಾದ ಬಾತು ಕಪ್ಪಿಟ್ಟಿತು. ಕಾಲು ಕತ್ತರಿಸದೆ ಗತಿಯಿಲ್ಲವೆಂದು ಅರಮನೆಯ ವೈದ್ಯ ಕೈಚೆಲ್ಲಿದ. ಸಣ್ಣೀರವ್ವ ಒಂಬತ್ತು ದಿನ ಜಿಗಣೆ ಹಚ್ಚಿ ಆ ಕಾಲನ್ನು ಉಳಿಸಿದಳು. ವೈದ್ಯನಿಗೆ ಮುಖಭಂಗವಾಯಿತು. "ಜಿಗಣೆ ಬರೀ ನೆಪ, ದೊರೆಯ ನೆತ್ತರು ಕುಡಿದವಳು ಅವಳೇ. ರಕ್ಕಸಿ!" ಎಂದು ಊರೆಲ್ಲ ಹಬ್ಬಿಸಿದ. ಅವಳ ಕೈಯಲ್ಲಿ ಗುಣವಾದವರೇ ಅವಳನ್ನು ಕಂಡು ಕದ ಹಾಕಿಕೊಂಡರು. ಸಣ್ಣೀರವ್ವ ನೆಟ್ಟಗೆ ದೊರೆ ಕೂತಿದ್ದ ಚಾವಡಿಗೆ ನಡೆದು ಆಸ್ಥಾನದ ಮುದಿ ಶಾಸ್ತ್ರಿಯನ್ನು ಕೇಳಿದಳು: "ಸ್ವಾಮಿ, ರಕ್ಕಸಿ ಅಂದರೆ ಏನು?"

ಶಾಸ್ತ್ರಿ ದೊರೆಯ ಮುಖ ನೋಡಿ ತಡವರಿಸಿದ. ಆದರೂ ಸುಳ್ಳಾಡಲಿಲ್ಲ. "ರಾಕ್ಷಸ ಎಂಬುದೇ ಜನರ ಬಾಯಲ್ಲಿ ರಕ್ಕಸ ಆಯಿತು, ತಾಯಿ. ಲೋಕವನ್ನು ರಕ್ಷಿಸುತ್ತೇವೆ ಎಂದವರಿಗೆ ಆ ಹೆಸರು ಬಂತೆಂದು ಪುರಾಣದಲ್ಲಿದೆ. ನೆತ್ತರು ಕುಡಿಯುವವರು ಎಂದು ಜನ ಆಮೇಲೆ ಅಂದುಕೊಂಡರು."

"ಹಾಗಾದರೆ ಆ ಹೆಸರು ನನಗೇ ಇರಲಿ. ನಾನು ರಕ್ಷಿಸಿದ ಕಾಲು ಅಗೋ ಅಲ್ಲಿದೆ. ಒಂದು ಮಾತು ಆಡಿ, ಒಡೆಯಾ!"

ನಾಯಕ ಪಾದವನ್ನು ಪಂಚೆಯೊಳಗೆ ಎಳೆದುಕೊಂಡ. ಮರುದಿನವೇ ವೈದ್ಯ ದೊರೆಯ ಮುದ್ರೆ ತೋರಿಸಿ ಹೊಂಡಕ್ಕೆ ಗಾಡಿಗಟ್ಟಲೆ ಸುಣ್ಣ ಸುರಿಸಿದ. ಸತ್ತ ಜಿಗಣೆಗಳನ್ನು ಸಣ್ಣೀರವ್ವ ಬೊಗಸೆಯಲ್ಲಿ ಎತ್ತಿ ದಂಡೆಗೆ ಹಾಕುತ್ತ ಅತ್ತಳಂತೆ.

ವರ್ಷ ತುಂಬುವ ಮೊದಲೇ ನಾಯಕನ ಕಾಲು ಮತ್ತೆ ಕಪ್ಪಿಟ್ಟಿತು. ಪಲ್ಲಕ್ಕಿ ಹೊಂಡದ ಬಳಿ ಬಂದು ನಿಂತಿತು. "ಕಾಪಾಡು, ತಾಯಿ" ಎಂದು ಅವನು ಕೈಮುಗಿದ. "ಕಾಪಾಡುತ್ತಿದ್ದೆ, ಒಡೆಯಾ. ಈಗ ಏನು ಹಚ್ಚಿ ಕಾಪಾಡಲಿ? ಸುಣ್ಣಕ್ಕೆ ಮುದ್ರೆ ಒತ್ತಿದವರು ನೀವಲ್ಲವೇ?" ಎಂದಳು ಸಣ್ಣೀರವ್ವ. ಬೈದರೂ ಬಿಟ್ಟು ಹೋಗಲಿಲ್ಲ. ಅವನ ಉಸಿರು ನಿಲ್ಲುವವರೆಗೂ ಆ ಪಾದವನ್ನು ತೊಳೆದಳು ಎನ್ನುತ್ತಾರೆ.

ಈಗ ಹೊಂಡದ ಮೆಟ್ಟಿಲ ಬಳಿ, ಪಾದವೊಂದನ್ನು ಮಡಿಲಲ್ಲಿಟ್ಟುಕೊಂಡ ಹೆಣ್ಣಿನ ಕಲ್ಲು ಕಾಣುತ್ತದೆ. ಯಾರೋ ಆಗಾಗ ಅದಕ್ಕೆ ಕೆಂಪು ಬಣ್ಣದ ಕೋರೆಹಲ್ಲು ಬರೆದು ಹೋಗುತ್ತಾರೆ. ನೀರಿಗೆ ಬಂದ ಹೆಂಗಸರು ಬರೆದವರನ್ನು ಬೈಯುತ್ತಲೇ ತೆಂಗಿನ ನಾರಿನಿಂದ ಅದನ್ನು ತಿಕ್ಕಿ ತೊಳೆಯುತ್ತಾರೆ.