ಟ್ಯುಲಿಪ್ ಹೂವಿನ ಉಸಿರು

ಲೋಕದ ಮಣ್ಣು ಇನ್ನೂ ಹಸಿಯಾಗಿತ್ತು. ನದಿಗಳು ತಮ್ಮ ದಾರಿ ಹುಡುಕಿಕೊಳ್ಳುತ್ತಿದ್ದವು. ಆಗ ಉಸಿರು ಬೇರೆ, ಪರಿಮಳ ಬೇರೆ ಎಂದಿರಲಿಲ್ಲ. ಹೂವು ಉಸಿರು ಬಿಟ್ಟರೆ ಪರಿಮಳ. ಮಗು ಉಸಿರು ಬಿಟ್ಟರೆ ಅದೂ ಪರಿಮಳ.

ಬೆಟ್ಟದ ಬುಡದಲ್ಲಿ ಬಾಳವ್ವ ಎಂಬ ತಾಯಿ ಇದ್ದಳು. ಅವಳ ಪುಟ್ಟ ಮಗಳು ಪಾರಿಯ ಉಸಿರು ಜೇನಿನಂತೆ ಘಮಘಮಿಸುತ್ತಿತ್ತು. ಮಗಳಿಗೆ ಏನೇ ಕೊಡುವುದಿದ್ದರೂ ಬಾಳವ್ವ ಮೊದಲು ತಾನು ನೋಡುತ್ತಿದ್ದಳು. ಗಂಜಿ ಸುಡುತ್ತದೆಯೋ ಎಂದು ತುಟಿಗೆ ತಾಗಿಸುವಳು. ಹಣ್ಣು ಹುಳಿಯೋ ಎಂದು ಅಂಚು ಕಚ್ಚುವಳು.

"ಮಳೆಯನ್ನೂ ನಾಲಗೆಗೆ ಹಚ್ಚಿ ನೋಡಿಯೇ ಮಗಳ ಮೇಲೆ ಬೀಳೋಕೆ ಬಿಡ್ತೀಯೇನೋ, ಬಾಳವ್ವ" ಎಂದು ಗಾಳಿ ಆಡಿಕೊಳ್ಳುತ್ತಿತ್ತು.

"ಹೋಗೋ ಅಲೆಮಾರಿ, ನಿನಗೇನು ಗೊತ್ತು" ಎನ್ನುತ್ತಿದ್ದಳು ಬಾಳವ್ವ.

ಒಂದು ಬೆಳಗ್ಗೆ ಪಾರಿ ಕಣ್ಣು ತೆರೆದುಕೊಂಡೇ ಮಲಗಿದ್ದಳು. ಮೈ ತಣ್ಣಗಿತ್ತು. ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಮನೆಯಲ್ಲಿ ಜೇನಿನ ಪರಿಮಳ ಇರಲಿಲ್ಲ.

"ಬೆಟ್ಟದ ಮೇಲಿನ ಚಳಿಯಜ್ಜಿ ಬಂದು ಹೋದಳು" ಎಂದಿತು ಗಾಳಿ. ಈ ಸಲ ಅದು ನಗಲಿಲ್ಲ.

ಬಾಳವ್ವ ಬೆಟ್ಟ ಹತ್ತಿದಳು. ಚಳಿಯಜ್ಜಿ ಬೆನ್ನು ಹಾಕಿ ಕೂತಿದ್ದಳು. ಅವಳ ಮಡಿಲ ತುಂಬ ಈರುಳ್ಳಿಯಂಥ ಗೆಡ್ಡೆಗಳಿದ್ದವು.

"ಅಜ್ಜಿ, ನನ್ನ ಮಗಳ ಉಸಿರು ಕೊಡು."

"ನಾನೇನು ತಿಂದಿಲ್ಲ, ತಾಯಿ. ಬೆಚ್ಚಗಿತ್ತು, ಎತ್ತಿಟ್ಟುಕೊಂಡೆ." ಅಜ್ಜಿ ತಿರುಗದೆಯೇ ಒಂದು ಗೆಡ್ಡೆ ಚಾಚಿದಳು. "ಹಿತ್ತಲಲ್ಲಿ ಹೂಳು. ಚಳಿ ಕಳೆಯೋವರೆಗೂ ಅಗೆಯಬೇಡ. ಹೂವು ಅರಳಿದಾಗ ಮೊದಲು ನಿನ್ನ ಮಗಳೇ ಮೂಸಬೇಕು. ಬೇರೆ ಮೂಗು ತಾಗಿದರೆ ಎಂಜಲು. ಎಂಜಲಾದ ಉಸಿರು ಪೂರ್ತಿ ಮನೆಗೆ ಬರೋದಿಲ್ಲ."

ಬಾಳವ್ವ ಗೆಡ್ಡೆಯನ್ನು ಹಿತ್ತಲಲ್ಲಿ ಹೂಳಿದಳು. ಚಳಿಗಾಲವಿಡೀ ಪಾರಿ ಹಾಗೆಯೇ ಮಲಗಿದ್ದಳು, ಕಣ್ಣು ತೆರೆದುಕೊಂಡು. ಚಳಿಗಾಲವಿಡೀ ಬಾಳವ್ವ ಹಿತ್ತಲಲ್ಲಿ ಕೂತು ಕಾದಳು. ಇರುವೆಗಳು ಆ ಜಾಗವನ್ನು ಸುತ್ತುಹಾಕಿ ಹೋಗುತ್ತಿದ್ದವು. ಅಲ್ಲಿ ಮಣ್ಣು ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.

ಚಳಿ ಕಳೆಯಿತು. ಕೆಂಪು ಮೊಗ್ಗೊಂದು ಮೇಲೆ ಬಂತು. ಬಾಳವ್ವ ಪಾರಿಯನ್ನು ಎತ್ತಿ ತಂದು ಪಕ್ಕದಲ್ಲಿ ಮಲಗಿಸಿದಳು. ಬಿಸಿಲು ಬಿತ್ತು. ಹೂವು ಬಾಯಿ ತೆರೆಯಿತು.

ಬಾಳವ್ವ ದಂಟನ್ನು ಮಗಳ ಕಡೆ ಬಗ್ಗಿಸಿದಳು. ಘಾಟು ಇದ್ದರೆ ಕೂಸಿಗೆ ಕೆಮ್ಮು ಬಂದೀತಲ್ಲ ಎನ್ನಿಸಿತು. ಗಂಜಿಯನ್ನು ತುಟಿಗೆ ತಾಗಿಸಿದಷ್ಟೇ ಸಹಜವಾಗಿ ಅವಳ ಮೂಗು ಹೂವಿಗೆ ತಾಗಿತು.

ಜೇನು.

"ಬಾಳವ್ವ" ಎಂದಿತು ಗಾಳಿ.

ಅವಳು ಹೂವನ್ನು ಮಗಳ ಮೂಗಿಗೆ ಹಿಡಿದಳು. ಉಳಿದದ್ದು ಒಳಗೆ ಹೋಯಿತು. ಪಾರಿಯ ಎದೆ ಎದ್ದಿತು, ಇಳಿಯಿತು. ರೆಪ್ಪೆ ಬಡಿದಳು.

"ಅವ್ವ, ಹಸಿವು."

ಪಾರಿ ಬದುಕಿದಳು. ಉಂಡಳು, ಓಡಿದಳು, ಬೆಳೆದಳು. ಆದರೆ ಅವಳು ಬಂದರೆ ನಾಯಿ ಮೂಗೆತ್ತುತ್ತಿರಲಿಲ್ಲ. ಬಾಳವ್ವ ಅವಳ ನೆತ್ತಿಗೆ ಮೂಗಿಟ್ಟರೆ ಅಲ್ಲಿ ಏನೂ ಇರುತ್ತಿರಲಿಲ್ಲ, ತೊಳೆದ ಕಲ್ಲಿನ ಹಾಗೆ.

ಒಂದು ದಿನ ಜಡೆ ಹಾಕಿಸಿಕೊಳ್ಳುತ್ತ ಪಾರಿ ತಿರುಗಿ ನೋಡಿದಳು. "ಅವ್ವ, ನಿನ್ನ ಬಾಯಲ್ಲಿ ನಾನಿದ್ದೀನಿ."

ಬಾಳವ್ವ ಅಂಗೈಗೆ ಊದಿ ಮೂಸಿದಳು. ಜೇನು. ಅಂದಿನಿಂದ ಅವಳು ಮಗಳ ಹತ್ತಿರ ಮೆತ್ತಗೆ, ಸ್ವಲ್ಪವೇ ಮಾತಾಡುತ್ತಿದ್ದಳು. ಬಾಯಿ ತೆರೆದಷ್ಟೂ ಖರ್ಚಾಗುತ್ತದೆ ಎಂಬ ಭಯ.

ಬರಿದಾದ ಆ ಹೂವಿಗೆ ಮತ್ತೆ ಪರಿಮಳ ಬರಲಿಲ್ಲ. ಅದರ ಮರಿಗೆಡ್ಡೆಗಳಿಗೂ ಬರಲಿಲ್ಲ. ಸಂಜೆಯಾದರೆ, ಇನ್ನೊಂದು ಮೂಗು ಬಂದೀತೆಂದು ಅವುಗಳ ಹೂಗಳು ಬಾಯಿ ಮುಚ್ಚಿಕೊಳ್ಳತೊಡಗಿದವು. ಚಳಿಯಜ್ಜಿಯ ಮಡಿಲಲ್ಲಿ ಮಾತ್ರ, ಯಾರೂ ಕೇಳಿಕೊಂಡು ಬಾರದ, ಬೇರೆ ಮಕ್ಕಳ ಉಸಿರಿದ್ದ ಕೆಲವು ಗೆಡ್ಡೆಗಳು ಉಳಿದವು.

ಅದಕ್ಕೇ ಇಂದಿಗೂ ಟ್ಯುಲಿಪ್ ಗೆಡ್ಡೆ ಚಳಿಯಲ್ಲಿ ಮಲಗದೆ ಹೂ ಬಿಡುವುದಿಲ್ಲ, ನಿಮ್ಮಮ್ಮ ಅದನ್ನು ಫ್ರಿಜ್ಜಿನಲ್ಲಿಟ್ಟು ಆಮೇಲೆ ನೆಡುತ್ತಾಳೆ; ಹೆಚ್ಚಿನವು ಘಮ್ಮೆನ್ನುವುದೂ ಇಲ್ಲ, ಮತ್ತು ನಿಮ್ಮ ಹಿತ್ತಲಲ್ಲಿ ಅರಳಿದ ಒಂದೇ ಒಂದು ಹೂ ಜೇನಿನಂತೆ ಘಮ್ಮೆಂದರೆ, ಆ ಉಸಿರಿನ ಮಗು ಇನ್ನೂ ಎಲ್ಲೋ ಕಣ್ಣು ತೆರೆದುಕೊಂಡು ಮಲಗಿದೆ.