ಹಿಡಿಯದ ಕ್ಲಚ್ಚು

“ಅವ್ವಾ, ಇಷ್ಟು ಗಟ್ಟಿಯಾಗಿ ಹಿಡಿದುಕೊಂಡರೂ ಮನಸ್ಸು ಯಾಕೆ ಜಾರುತ್ತದೆ?” ಎಂದು ಶಿಷ್ಯೆ ಕೇಳಿದಳು.

ಆ ವಾರ ಅದೇ ಪ್ರಶ್ನೆ ನಾಲ್ಕನೆಯ ಸಲ. ಪ್ರತಿ ಸಲವೂ ಅವಳು ತಂಬೂರಿಯನ್ನು ತಬ್ಬಿಕೊಂಡೇ ಬಂದು ಕೇಳುತ್ತಿದ್ದಳು. ತಂಬೂರಿ ಅವಳ ಅಕ್ಕನದು. ಒಂದು ಶ್ರಾವಣದ ಭಜನೆಗೆಂದು ಕೇಳಿ ತಂದದ್ದು, ಐದು ಶ್ರಾವಣ ಕಳೆದರೂ ಆಶ್ರಮದಲ್ಲೇ ಇತ್ತು. ಅಕ್ಕ ಕಾಗದ ಬರೆದಾಗಲೆಲ್ಲ ‘ತಂತಿ ಸರಿಯಿಲ್ಲ, ಸರಿಮಾಡಿಸಿ ತರುತ್ತೇನೆ’ ಎಂಬ ಉತ್ತರ ಹೋಗುತ್ತಿತ್ತು.

ಹತ್ತು ದೇಶದ ನೀರು ಕುಡಿದು ಬಂದಿದ್ದ ಅವ್ವನವರು ಅಕ್ಕಿಯ ಮೊರವನ್ನು ಪಕ್ಕಕ್ಕಿಟ್ಟರು.

“ಕುಳಿತುಕೋ. ಒಂದು ಕತೆ ಹೇಳುತ್ತೇನೆ. ಆಮೇಲೆ ಐದನೆಯ ಸಲ ಕೇಳಬೇಡ.”

ಒಬ್ಬ ಹೆಂಗಸು ಹಳೆಯ ಬೈಕಿನ ಮೇಲೆ ಹೊರಟು ದಾರಿ ತಪ್ಪಿದ್ದಳು. ಇಂಗ್ಲೆಂಡಿನಲ್ಲಿ ತಯಾರಾದ ಗಾಡಿ. ಅವಳಿಗಿಂತ ಅದಕ್ಕೇ ವಯಸ್ಸು ಹೆಚ್ಚು. ಏರು ಕಂಡಲ್ಲೆಲ್ಲ ಹೆದರಿ ಬಳಸುದಾರಿಗೆ ತಿರುಗಿಸಿದ್ದಳು. ಬಳಸಿ ಬಳಸಿ ಕೊನೆಗೆ ಹೊರಟಲ್ಲಿಗೇ ಬಂದಳೋ ಎಂಬ ಅನುಮಾನ ಹುಟ್ಟಿತು. ದಾರಿಬದಿಯಲ್ಲಿ ಒಬ್ಬ ಮುದುಕ ಶೇಂಗಾ ಸುಲಿಯುತ್ತ ಕುಳಿತಿದ್ದ.

“ಯಜಮಾನರೇ, ಗುಡ್ಡದ ಮೇಲಿನ ಊರಿಗೆ ದಾರಿ ಯಾವುದು?”

“ದಾರಿ ಇದೇ ತಾಯಿ. ಆದರೆ ನೀನು ಬರೋದು ಆಗಲೇ ಕೇಳಿಸ್ತು. ನಿನ್ನ ಎಂಜಿನ್ನು ಗುಡ್ಡದ ಮೇಲೆ ಹೋಗಿ ಕೂತಿದೆ, ಗಾಡಿ ಮಾತ್ರ ಇನ್ನೂ ಇಲ್ಲೇ ಇದೆ.”

ಅವಳಿಗೆ ರೇಗಿತು. ರೇಗಲು ಕಾರಣವೂ ಇತ್ತು. ಗಾಡಿ ಅವಳದಲ್ಲ. ಗುಡ್ಡದ ಊರಿನ ಒಬ್ಬ ಮೇಷ್ಟ್ರದು. ಮೂರು ತಿಂಗಳಿಗೆಂದು ಕೇಳಿ ತಂದವಳು ಒಂಬತ್ತು ವರ್ಷ ಸುತ್ತಿದ್ದಳು. ಮೇಷ್ಟ್ರು ಒಂದು ಕಾರ್ಡು ಹಾಕಿದ್ದರು: ‘ಕಿಕ್ ಹೊಡೆಯಲು ನನ್ನ ಮೊಣಕಾಲು ಇನ್ನೊಂದು ವರ್ಷ ತಡೆದೀತು. ಒಂದು ಸಲ ಓಡಿಸುವ ಆಸೆ.’ ಕಾರ್ಡು ಬಂದು ಹನ್ನೊಂದು ತಿಂಗಳಾಗಿತ್ತು. ಕ್ಲಚ್ಚು ಕೆಟ್ಟಿದೆ, ರಿಪೇರಿ ಮಾಡಿಸಿ ತರುತ್ತೇನೆ ಎಂದು ಅವಳು ಬರೆದಿದ್ದಳು. ಕೆಟ್ಟದ್ದು ನಿಜ. ಕೆಟ್ಟದ್ದು ಅನುಕೂಲವಾಗಿ ಬಂದದ್ದೂ ನಿಜ. ಈಗ ವರ್ಷ ತುಂಬುವ ಮುಂಚೆ ಗಾಡಿ ಒಪ್ಪಿಸಲೆಂದು ಹೊರಟಿದ್ದಳು.

ರಿಪೇರಿ ಏನು ಕಡಿಮೆ ಆಗಿರಲಿಲ್ಲ. ‘ಕ್ಲಚ್ ಹಿಡಿಯುತ್ತಿಲ್ಲ’ ಎಂದು ಒಬ್ಬ ಮೆಕ್ಯಾನಿಕ್ಕಿಗೆ ಹೇಳಿದಳು. ಅವನು ಹೊಸ ಕೇಬಲ್ಲು ಹಾಕಿ ಬಿಗಿದು ಕೊಟ್ಟ. ಇನ್ನೊಬ್ಬನಿಗೂ ಅದನ್ನೇ ಹೇಳಿದಳು. ಹಿಂದೆ ಕೈ ಹಾಕಿದವನು ಯಾವ ಕತ್ತೆ ಎಂದು ಬೈದು, ಹೊಸ ಪ್ಲೇಟು ಹಾಕಿ, ಕೇಬಲ್ಲನ್ನು ಮತ್ತೂ ಬಿಗಿದ. ಮೂರನೆಯವನು ಹಿಂದಿನ ಇಬ್ಬರನ್ನೂ ಬೈದ. ಸ್ಪ್ರಿಂಗು ಬದಲಿಸಿದ. ಕೇಬಲ್ಲನ್ನು ವೀಣೆಯ ತಂತಿಯ ಹಾಗೆ ಮಾಡಿದ. ಗಾಡಿ ಸಪಾಟು ರಸ್ತೆಯಲ್ಲಿ ಓಡುವುದು, ಏರಿನಲ್ಲಿ ಬರಿದೇ ಕಿರುಚುವುದು.

ಮುದುಕ ಶೇಂಗಾದ ಬುಟ್ಟಿ ಇಟ್ಟು ಎದ್ದು ಬಂದ. ಹಿಂದೆ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವನು. ಹ್ಯಾಂಡಲ್ಲಿನ ಎಡಗಡೆಯ ಲಿವರನ್ನು ಕಿರುಬೆರಳಿನಿಂದ ಅಲ್ಲಾಡಿಸಿ ನೋಡಿದ. ಅದು ಕೂದಲೆಳೆಯಷ್ಟೂ ಆಡಲಿಲ್ಲ.

“ಇಷ್ಟು ಬಿಗಿ ಮಾಡು ಅಂತ ಯಾರು ಹೇಳಿದ್ದು?”

“ನಾನೇ. ಹಿಡೀತಿಲ್ಲ ಅಂದೆ.”

“ಯಾವುದು ಹಿಡೀತಿಲ್ಲ? ಕೈಯಲ್ಲಿರೋ ಲಿವರೋ, ಎಂಜಿನ್ನನ್ನ ಚಕ್ರಕ್ಕೆ ಜೋಡಿಸೋ ಒಳಗಿನ ಪ್ಲೇಟೋ?”

“ಯಾವುದಾದರೇನು? ಹಿಡಿಯೋದು ಅಂದರೆ ಹಿಡಿಯೋದೇ ಅಲ್ಲವೇ?”

“ಕೆಟ್ಟದ್ದು ಅಲ್ಲೇ ನೋಡು. ಕೈ ಹಿಡಿದರೆ ಪ್ಲೇಟು ಬಿಡುತ್ತೆ. ಕೈ ಬಿಟ್ಟರೆ ಪ್ಲೇಟು ಹಿಡಿಯುತ್ತೆ. ನೀನು ಹಿಡೀತಿಲ್ಲ ಅಂದೆ, ಅವರು ನಿನ್ನ ಕೈಗೆ ಹಿಡಿಸಿ ಕೊಟ್ಟರು. ಈಗ ನೀನು ಮುಟ್ಟದಿದ್ದರೂ ಈ ಕೇಬಲ್ಲು ಹಗಲೂ ರಾತ್ರಿ ಕ್ಲಚ್ಚನ್ನ ಅರ್ಧ ಹಿಡಿದುಕೊಂಡೇ ಇರುತ್ತೆ. ಪ್ಲೇಟು ಪಾಪ, ಯಾವುದನ್ನ ನೆಚ್ಚಿಕೊಂಡು ಅಂಟಬೇಕು?”

“ಮೂರು ಜನಕ್ಕೆ ಗೊತ್ತಾಗಲಿಲ್ಲವೇ ಇದು! ಮೂರು ಜನಕ್ಕೆ!”

“ಮೂರು ಜನಕ್ಕೂ ನೀನು ಹೇಳಿದ್ದು ಒಂದೇ ಮಾತು. ಬೇರೆ ಮಾತು ಹೇಳಿದ್ದರೆ ಬೇರೆ ಕೆಲಸ ಮಾಡೋರು.”

ಅವನು ಕೇಬಲ್ಲಿನ ತಿರುಪನ್ನು ನಾಲ್ಕು ಸುತ್ತು ಸಡಿಲಿಸಿದ. ಲಿವರಿನ ಬುಡದಲ್ಲಿ ಒಂದು ನಾಣ್ಯ ತೂರುವಷ್ಟು ಸಂದು ಬಿಟ್ಟ. ಅಷ್ಟೇ ರಿಪೇರಿ. ಮತ್ತೆ ಶೇಂಗಾ ಸುಲಿಯಲು ಕುಳಿತ.

ಗಾಡಿ ಗುಡ್ಡವನ್ನು ಒಂದೇ ಉಸಿರಿಗೆ ಏರಿತು. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇನ್ನು ಹೇಳಲು ನೆಪವಿರಲಿಲ್ಲ.

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಹೊರಗೆ ಬಂದರು. ತಡವಾಯಿತೆಂದು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಎರಡು ಕಿಕ್ ವ್ಯರ್ಥವಾದವು. ಮೂರನೆಯದಕ್ಕೆ ಮೊಣಕಾಲು ಕಟಕ್ಕೆಂದಿತು, ಎಂಜಿನ್ನೂ ಎದ್ದಿತು. ಸೀಟಿನ ಮೇಲೆ ಕುಳಿತಾಗ ಅವರ ಮುಖವೆಲ್ಲ ನಗುವಾಯಿತು.

“ಇಷ್ಟು ಸಡಿಲ ಇರಬೇಕಂತೆ ಮೇಷ್ಟ್ರೇ,” ಎಂದು ಅವಳು ಲಿವರು ಹಿಡಿದು ತೋರಿಸಿದಳು.

ಮೇಷ್ಟ್ರು ಗೇರು ಹಾಕಿದರು. ಗಾಡಿ ಕದಲಲಿಲ್ಲ. ಎಂಜಿನ್ನಿನ ಸದ್ದು ಏರಿಸಿದರು. ಆಗಲೂ ಕದಲಲಿಲ್ಲ. ಕೆಳಗೆ ನೋಡಿದರು. ತೋರಿಸಲೆಂದು ಹಿಡಿದವಳು ಹಿಡಿದೇ ನಿಂತಿದ್ದಳು.

“ಕೈ ಬಿಡಮ್ಮಾ,” ಎಂದರು.

ಅವಳು ಮೆಲ್ಲಗೆ ಬಿಟ್ಟಳು. ಒಳಗೆ ಪ್ಲೇಟು ಹಿಡಿಯಿತು. ಒಂಬತ್ತು ವರ್ಷದ ಋಣ ಬೀದಿಯ ತಿರುವು ದಾಟಿ ಹೋಯಿತು.

ಅವ್ವನವರು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. ಶಿಷ್ಯೆ ತಂಬೂರಿಯನ್ನು ಈ ತೋಳಿನಿಂದ ಆ ತೋಳಿಗೆ ಬದಲಿಸಿದಳು.

“ಗಾಡಿಯೇ ಹೋಯಿತಲ್ಲ ಅವ್ವಾ. ಅವಳು ಹೇಗೆ ವಾಪಸು ಬಂದಳು?”

“ಬಸ್ಸಿನಲ್ಲಿ ಬಂದೆ ಮಗಳೇ, ನಿನ್ನ ಅಕ್ಕನ ಊರಿಗೆ ಹೋಗುವ ಬಸ್ಸು ಹತ್ತು ಗಂಟೆಗಿದೆ.”